ನಮ್ಮ ರಾಗಿ ತಳಿಗಳು: ತೆನೆ, ಹುಲ್ಲು, ಬಿತ್ತನೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಹಬ್ಬ ಎಂದ ಮೇಲೆ ಲೆಕ್ಕಪತ್ರ, ಷೇರು, ಬೋನಸ್ಸು, ಕಟ್ಟಡ ಇವುಗಳ ಮಾತು ಇದ್ದೇ ಇರುತ್ತದೆ. ಅದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಮಗೆ ಒಪ್ಪಿಸಿರುವುದು ರಾಗಿ ತಳಿಗಳ ವಿಷಯ. ಹಾಲಿನ ಸಂಘದ ಸಭೆಯಲ್ಲಿ ರಾಗಿ ಮಾತು ಯಾಕಪ್ಪ ಅಂತ ಹಿಂದಿನ ಸಾಲಿನಲ್ಲಿ ಒಬ್ಬರು ಕೇಳುತ್ತಿದ್ದರು. ಉತ್ತರ ಬಹಳ ಸುಲಭ. ಈ ಸೀಮೆಯಲ್ಲಿ ಹಸು ಬೇಸಿಗೆಯಲ್ಲಿ ಏನು ತಿನ್ನುತ್ತದೆ? ರಾಗಿ ಹುಲ್ಲು. ಮೆದೆ ಕರಗಿದ ಮೇಲೆ ಹಾಲಿನ ಕ್ಯಾನು ಹೇಗೆ ಹಗುರವಾಗುತ್ತದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೋಲಾರ ಅಂದರೆ ಚಿನ್ನ, ರೇಷ್ಮೆ, ಹಾಲು ಅಂತ ಹೇಳುತ್ತಿದ್ದರು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಹಾಲು ಉಳಿದಿದೆ. ಆ ಹಾಲಿನ ಬುಡದಲ್ಲಿ ರಾಗಿ ಇದೆ.

ವೇದಿಕೆಯ ಪಕ್ಕದ ಮೇಜಿನ ಮೇಲೆ ಏಳು ಕಟ್ಟು ತೆನೆ ಇಟ್ಟಿದ್ದೇವೆ. ಸದಸ್ಯರ ಮನೆಗಳಿಂದಲೇ ಕೇಳಿ ತಂದದ್ದು. ಊಟಕ್ಕೆ ಏಳುವ ಮೊದಲು ಎಲ್ಲರೂ ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು. ದೂರದಿಂದ ನೋಡಿದರೆ ಎಲ್ಲಾ ರಾಗಿಯೇ. ಹತ್ತಿರ ಬಂದರೆ ಒಂದರ ಹಾಗೆ ಒಂದಿಲ್ಲ.

ಮೊದಲನೆಯ ಕಟ್ಟಿನಲ್ಲಿ ತೆನೆ ಮುಷ್ಟಿ ಬಿಗಿದ ಹಾಗಿದೆ. ಬೆರಳುಗಳೆಲ್ಲ ಒಳಕ್ಕೆ ಮಡಚಿಕೊಂಡು ಒಂದು ಉಂಡೆ. ಎರಡನೆಯದರಲ್ಲಿ ಬೆರಳಿನ ತುದಿ ಮಾತ್ರ ಒಳಕ್ಕೆ ಬಾಗಿದೆ. ಮೂರನೆಯದು ಅಂಗೈ ಬಿಚ್ಚಿದ ಹಾಗೆ ಅಗಲವಾಗಿದೆ. ನಾಲ್ಕನೆಯದರ ಬೆರಳು ಉದ್ದ, ತೆಳು, ಕೆಳಕ್ಕೆ ಜೋತು ಬಿದ್ದಿದೆ. ಐದನೆಯ ಕಟ್ಟಿನ ದಂಟು ನೋಡಿ, ಗಿಣ್ಣಿನ ಹತ್ತಿರ ಕಪ್ಪು ನೇರಳೆ ಬಣ್ಣ ಇದೆ. ಇಂಥದನ್ನು ಕರಿಕಡ್ಡಿ ಅಂತಾರೆ. ಅದರ ಪಕ್ಕದ್ದು ಹಸಿರುಕಡ್ಡಿ. ಕೊನೆಯ ಕಟ್ಟನ್ನು ಅಂಗೈಯಲ್ಲಿ ಉಜ್ಜಿ ಊದಿದರೆ ಕಾಳು ಬಿಳಿ. ಪಟ್ಟಣದಿಂದ ಬಂದ ಸಂಬಂಧಿಕರು ಇದನ್ನು ರಾಗಿ ಅಂತ ನಂಬುವುದೇ ಇಲ್ಲ, ಗಸಗಸೆ ಅಂತಾರೆ!

ವಿಜ್ಞಾನಿಗಳೂ ಬೆಳೆಯುವ ರಾಗಿಯನ್ನು ತೆನೆಯ ಆಕಾರ ನೋಡಿಯೇ ನಾಲ್ಕು ಮುಖ್ಯ ಗುಂಪು ಮಾಡಿದ್ದಾರೆ. ಬೆರಳು ನೆಟ್ಟಗಿರುವುದು, ಅಗಲವಾದ ಕಾಳು ಸಾಲಿನದು, ಉದ್ದ ಬೆರಳಿನದು, ಮುಷ್ಟಿ ಕಟ್ಟಿದ್ದು. ಹೈದರಾಬಾದಿನ ಹತ್ತಿರ ಪಟನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ನಾನಾ ದೇಶಗಳ ರಾಗಿ ಮಾದರಿಗಳನ್ನು ತಣ್ಣಗಿನ ಕೋಣೆಯಲ್ಲಿ ಇಟ್ಟು ಕಾಪಾಡುತ್ತಾರೆ. 2006ರಲ್ಲಿ ಅಲ್ಲಿನವರು 5,940 ಮಾದರಿಗಳಿಂದ 622ನ್ನು ಆರಿಸಿ, ಇಷ್ಟು ನೋಡಿದರೆ ಉಳಿದವುಗಳ ವೈವಿಧ್ಯ ತಿಳಿಯುತ್ತದೆ ಎಂದು ಒಂದು ಗುಂಪು ಕಟ್ಟಿದರು. ಒಂದೇ ಒಂದು ಧಾನ್ಯದಲ್ಲಿ ಅಷ್ಟು ಬಗೆ.

ಇವೆಲ್ಲ ಎಲ್ಲಿಂದ ಬಂದವು? ರಾಗಿಯ ತವರು ಆಫ್ರಿಕಾದ ಪೂರ್ವ ಭಾಗದ ಎತ್ತರದ ಸೀಮೆ, ಇಥಿಯೋಪಿಯಾ ಉಗಾಂಡ ಕಡೆ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂತು. ಬಂದ ಮೇಲೆ ಇಲ್ಲಿನ ಕೆಂಪು ಮಣ್ಣು, ಇಲ್ಲಿನ ಮಳೆ, ಇಲ್ಲಿನ ಹೆಣ್ಣುಮಕ್ಕಳ ಕಣ್ಣು, ಈ ಮೂರೂ ಸೇರಿ ಅದನ್ನು ನಮ್ಮ ರಾಗಿ ಮಾಡಿದವು. ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ 1800ರಲ್ಲಿ ಮೈಸೂರು ಸೀಮೆಯಲ್ಲೆಲ್ಲ ಓಡಾಡಿ ಬೇಸಾಯದ ವಿಚಾರ ಬರೆದುಕೊಂಡ. ಆಗಲೇ ರೈತರು ಕರಿ, ಕೆಂಪು ಅಂತ ರಾಗಿಯನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು ಎಂದು ಆತನ ಬರಹದಲ್ಲಿದೆ. ಇಲಾಖೆ, ಕೃಷಿ ಕಾಲೇಜು ಹುಟ್ಟುವುದಕ್ಕೆ ನೂರು ವರ್ಷ ಮೊದಲು ತಳಿ ಗುರುತಿಸುವ ಕೆಲಸ ಹೊಲದಲ್ಲಿ ನಡೆದಿತ್ತು.

ಈಗ ಅಸಲು ವಿಷಯಕ್ಕೆ ಬರೋಣ. ತೆನೆ ಮುಷ್ಟಿ ಆದರೇನು, ಬಿಚ್ಚಿದರೇನು, ತಿನ್ನುವವರಿಗೆ ಎರಡೂ ಮುದ್ದೆಯೇ ತಾನೆ? ಹಾಗಲ್ಲ. ಹಿರಿಯರು ಒಂದೊಂದು ಗುರುತಿಗೂ ಒಂದು ಲೆಕ್ಕ ಇಟ್ಟುಕೊಂಡಿದ್ದರು.

ಮುಷ್ಟಿ ತೆನೆಯಲ್ಲಿ ಕಾಳು ಉದುರುವುದು ಕಡಿಮೆ. ಕೊಯ್ಲು ಎರಡು ದಿನ ತಡವಾದರೂ ನಷ್ಟ ಇಲ್ಲ. ಆದರೆ ತೆನೆ ಮಾಗುವ ಹೊತ್ತಿಗೆ ಸೈಕ್ಲೋನ್ ಮಳೆ ಹಿಡಿದರೆ ನೀರು ಒಳಗೇ ನಿಂತು ಕಾಳು ಮುಗ್ಗುತ್ತದೆ, ಒಮ್ಮೊಮ್ಮೆ ತೆನೆಯಲ್ಲೇ ಮೊಳಕೆ ಬರುತ್ತದೆ. ಬಿಚ್ಚು ತೆನೆ ಒಂದು ಬಿಸಿಲಿಗೆ ಒಣಗುತ್ತದೆ, ಆದರೆ ತಡ ಮಾಡಿದರೆ ಉದುರುತ್ತದೆ. ಆದ್ದರಿಂದ ಎರಡೂ ಬೇಕು ಅನ್ನುತ್ತಿದ್ದರು. ಒಂದು ಹೊಲಕ್ಕೆ ಇದು, ಇನ್ನೊಂದಕ್ಕೆ ಅದು. ನವೆಂಬರ್ ಮಳೆ ಯಾವ ವರ್ಷ ಹೇಗೆ ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ಇವತ್ತು ನಮಗೂ ಗೊತ್ತಿಲ್ಲ.

ಬಿಳಿ ರಾಗಿಯ ಕಥೆ ಬೇರೆ. ರೊಟ್ಟಿ ಮೆತ್ತಗೆ, ಹುರಿಹಿಟ್ಟು ರುಚಿ, ಮಗುವಿಗೆ ಮಣ್ಣಿ ಮಾಡಲು ಬಹಳ ಚೆನ್ನ. ಕೆಂಪು ರಾಗಿಯ ಸಿಪ್ಪೆಯಲ್ಲಿ ಒಗರು ಇದೆ, ಬಿಳಿಯದರಲ್ಲಿ ಅದು ಕಡಿಮೆ. ಆ ಒಗರು ಬರೀ ರುಚಿಯ ವಿಷಯ ಅಲ್ಲ. ಕಾಳಿಗೆ ಬೂಷ್ಟು ಹಿಡಿಯದ ಹಾಗೆ ತಡೆಯುವುದರಲ್ಲೂ ಅದರ ಪಾತ್ರ ಇದೆ. ಬಿಳಿ ರಾಗಿ ಬೇಗ ಕೆಡುತ್ತದೆ ಎಂದು ಅಜ್ಜಿಯರು ಅದನ್ನು ಹೊಲದ ಒಂದು ಮೂಲೆಗೆ ಮಾತ್ರ ಹಾಕಿಸುತ್ತಿದ್ದರು, ಬಾಣಂತಿ ಮನೆಗೆ, ಮಗುವಿನ ಮನೆಗೆ ಆಗುವಷ್ಟು. ಮನೆಯ ಊಟಕ್ಕೆ ಕೆಂಪು ರಾಗಿ. ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಟ್ಟರೂ ಹುಳು ಮುಟ್ಟುವುದಿಲ್ಲ ಅನ್ನುವುದು ಅದರ ಮೇಲೆ ಅವರಿಗಿದ್ದ ನಂಬಿಕೆ.

ಮಳೆಯ ಲೆಕ್ಕ ಎಲ್ಲಕ್ಕಿಂತ ದೊಡ್ಡದು. ಆರಿದ್ರಾ, ಪುನರ್ವಸು ಮಳೆಗೆ ಹದ ಸಿಕ್ಕಿದರೆ ನಿಧಾನಕ್ಕೆ ಬರುವ ದೊಡ್ಡ ರಾಗಿ. ಪುಷ್ಯ ದಾಟಿ ಆಶ್ಲೇಷಕ್ಕೆ ಹೋದರೆ ಬೇಗ ಬರುವ ಗಿಡ್ಡ ರಾಗಿ. ಮನೆಯಲ್ಲಿ ಎರಡು ಬಗೆ ಬಿತ್ತನೆ ಇದ್ದವರು ಆಕಾಶ ನೋಡಿ ತೀರ್ಮಾನ ಮಾಡುತ್ತಿದ್ದರು. ಒಂದೇ ಬಗೆ ಇದ್ದವರು ಪಕ್ಕದ ಮನೆಗೆ ಹೋಗಿ ಎರಡು ಸೇರು ಬದಲು ಮಾಡಿಕೊಳ್ಳುತ್ತಿದ್ದರು. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಕೊಡುವ ಸಲಹೆಯೂ ಇದೇ ದಾರಿಯದು. ಮುಂಚೆ ಬಿತ್ತಿದರೆ ದೀರ್ಘಾವಧಿ ತಳಿ, ತಡವಾದರೆ ಅಲ್ಪಾವಧಿ ತಳಿ.

ರಾಗಿ ಒಂದನ್ನೇ ಹಿಡಿದುಕೊಂಡರೂ ವಿಷಯ ಪೂರ್ತಿ ಆಗುವುದಿಲ್ಲ. ನಮ್ಮ ರಾಗಿ ಹೊಲ ಎಂದರೆ ಅಕ್ಕಡಿ ಸಾಲು. ಎಂಟು ಸಾಲು ರಾಗಿ, ಒಂದು ಸಾಲು ಅವರೆ ಅಥವಾ ತೊಗರಿ. ಅದರಲ್ಲೇ ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಬದುವಿನ ಸುತ್ತ ಹರಳು. ಕೂರಿಗೆಯ ಹಿಂದೆ ಬಿದಿರಿನ ಕೊಳವೆ ಕಟ್ಟಿಕೊಂಡು ಒಬ್ಬ ಹೆಣ್ಣುಮಗಳು ಅಕ್ಕಡಿ ಬೀಜ ಬಿಟ್ಟುಕೊಂಡು ಬರುತ್ತಿದ್ದಳು. ರಾಗಿ ಕೊಯ್ದ ಮೇಲೆ ಅವರೆಗೆ ಜಾಗವೂ ಬಿಸಿಲೂ ಸಿಕ್ಕಿ, ಇಬ್ಬನಿಯಲ್ಲಿ ಸೊಗಡು ಹಿಡಿದು ಕಾಯಿ ಕಚ್ಚುತ್ತಿತ್ತು. ಹಳೆಯ ಅವರೆ ಹಗಲು ಗಿಡ್ಡವಾಗುವ ತನಕ ಹೂವೇ ಬಿಡುವುದಿಲ್ಲ. ಯಾವ ಕಾಲದಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆ ಬಂದದ್ದು ಆಮೇಲೆ. ಮಾರುಕಟ್ಟೆಗೆ ಅದು ಒಳ್ಳೆಯದೇ. ಆದರೆ ಸಂಕ್ರಾಂತಿ ಹೊತ್ತಿನ ಸೊಗಡಿನ ಅವರೆಯ ರುಚಿ ಅದಕ್ಕೆ ಇಲ್ಲ, ಈ ವಿಷಯದಲ್ಲಿ ನಾವು ಯಾರ ಜೊತೆ ಬೇಕಾದರೂ ವಾದಕ್ಕೆ ಸಿದ್ಧ.

ಇಷ್ಟು ಹೇಳಿದ ಮಾತ್ರಕ್ಕೆ ಹೊಸ ತಳಿಗಳನ್ನು ನಾವು ಹಳಿಯುತ್ತಿದ್ದೇವೆ ಅಂತ ಯಾರೂ ತಿಳಿಯಬಾರದು. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಸಾಹೇಬರ ಕಾಲದಲ್ಲಿ ಹೆಬ್ಬಾಳದ ತೋಟದಲ್ಲಿ ನಾಟಿ ರಾಗಿಗಳನ್ನೇ ಆರಿಸಿ ಆರಿಸಿ ಎಚ್-22 ಎಂಬ ತಳಿ ತೆಗೆದರು. ಆಮೇಲೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ದುಡಿದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿ ಹೂವು ತೀರಾ ಚಿಕ್ಕದು. ಅದರಲ್ಲಿ ಗಂಡು ಹೆಣ್ಣು ಸೇರಿಸುವ ಕೆಲಸ ಎಷ್ಟು ಕಷ್ಟ ಎಂದು ಯೋಚನೆ ಮಾಡಿ. ಅವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ 1970ರ ದಶಕದಲ್ಲಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಎಕರೆಗೆ ಸಿಗುವ ಮೂಟೆ ಹೆಚ್ಚಾಯಿತು. 1990ರ ದಶಕದಲ್ಲಿ ಬಂದ ಜಿ.ಪಿ.ಯು.-28 ಬೆಂಕಿ ರೋಗ ತಡೆದುಕೊಂಡಿತು. ಕುತ್ತಿಗೆಗೆ ಬೆಂಕಿ ಬಿದ್ದು ತೆನೆಯೆಲ್ಲ ಜೊಳ್ಳಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಇತ್ತೀಚೆಗೆ ಎಂ.ಎಲ್.-365 ಕೂಡ ಮುದ್ದೆಗೆ ಚೆನ್ನಾಗಿದೆ ಎಂದು ಹೆಸರು ಮಾಡಿದೆ. ಇವನ್ನೆಲ್ಲ ನಾವೂ ಬಿತ್ತುತ್ತೇವೆ, ಮುಂದೆಯೂ ಬಿತ್ತುತ್ತೇವೆ.

ಆದರೆ ಒಂದು ಮಾತು ಗಮನಿಸಬೇಕು. ಲಕ್ಷ್ಮಣಯ್ಯನವರು ಹೊಸದು ಮಾಡಿದ್ದು ಯಾವುದರಿಂದ? ರೈತರ ಮನೆಯಲ್ಲಿ ಉಳಿದಿದ್ದ ಹಳೆಯದರಿಂದ. ಅದೂ ಇಲ್ಲಿಯದು, ಆಫ್ರಿಕಾದ ರೈತರದು, ಎರಡೂ. ನಾಳೆ ಬೆಂಕಿ ರೋಗದ ಹೊಸ ಬಗೆ ಬಂದು ಇವತ್ತಿನ ತಳಿ ಸೋತರೆ, ವಿಜ್ಞಾನಿಗಳು ಮತ್ತೆ ಹಳೆಯದನ್ನೇ ಹುಡುಕಿಕೊಂಡು ಬರಬೇಕು. ತಣ್ಣಗಿನ ಕೋಣೆಯಲ್ಲಿ ಬೀಜ ಇದೆಯಲ್ಲ ಅನ್ನಬಹುದು. ಬೀಜ ಇದೆ. ಯಾವ ಮಳೆಗೆ, ಯಾವ ಹೊಲಕ್ಕೆ, ಯಾವ ಅಡಿಗೆಗೆ ಅನ್ನುವುದು ಆ ಪೊಟ್ಟಣದೊಳಗೆ ಇಲ್ಲ. ಅದು ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಅಜ್ಜಿಯರ ತಲೆಯಲ್ಲಿದೆ.

ಇನ್ನು ಹುಲ್ಲಿನ ವಿಷಯ. ಇದು ನೇರವಾಗಿ ನಮ್ಮ ಸಂಘಕ್ಕೆ ಸೇರಿದ್ದು. ರಾಗಿ ತಳಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವಾಗ ಎಲ್ಲರೂ ಎಕರೆಗೆ ಎಷ್ಟು ಕ್ವಿಂಟಾಲ್ ಅಂತಾರೆ. ಎಷ್ಟು ಹೊರೆ ಹುಲ್ಲು ಅಂತ ಯಾರೂ ಕೇಳುವುದಿಲ್ಲ. ಖರೀದಿ ಕೇಂದ್ರದಲ್ಲಿ ಕೆಂಪು, ಬಿಳಿ, ಮುಷ್ಟಿ, ಬಿಚ್ಚು ಎಲ್ಲದಕ್ಕೂ ಒಂದೇ ಬೆಲೆ. 2024-25ರ ಹಂಗಾಮಿಗೆ ಕ್ವಿಂಟಾಲಿಗೆ 4,290 ರೂಪಾಯಿ ಬೆಂಬಲ ಬೆಲೆ ಇತ್ತು. ಹುಲ್ಲಿಗೆ ಬೆಂಬಲ ಬೆಲೆ ಇಲ್ಲ. ಆದರೆ ಹುಲ್ಲು ಹಾಲಾಗಿ ದಿನಕ್ಕೆ ಎರಡು ಸಲ ನಮ್ಮ ಸಂಘದ ತಕ್ಕಡಿಗೆ ಬರುತ್ತದೆ, ವಾರದ ಬಟವಾಡೆಯಲ್ಲಿ ಕೈಗೆ ದುಡ್ಡಾಗುತ್ತದೆ.

ಹಳೆಯ ದೊಡ್ಡ ರಾಗಿ ಎದೆಯ ಮಟ್ಟ ಬೆಳೆಯುತ್ತಿತ್ತು. ದಂಟು ತೆಳು, ಎಲೆ ಜಾಸ್ತಿ, ಹಸು ಕಡ್ಡಿ ಬಿಡದೆ ತಿನ್ನುತ್ತಿತ್ತು. ದಂಟು ದಪ್ಪ ಇರುವ ಕೆಲವು ತಳಿಗಳ ಹುಲ್ಲನ್ನು ಕತ್ತರಿಸದೆ ಹಾಕಿದರೆ ಗೊಂತಿನಲ್ಲಿ ಅರ್ಧ ಹಾಗೇ ಉಳಿಯುತ್ತದೆ, ಕೊನೆಗೆ ತಿಪ್ಪೆಗೆ ಹೋಗುತ್ತದೆ. ಉದ್ದ ರಾಗಿಗೂ ದೋಷ ಇದೆ, ಮುಚ್ಚಿಡಬಾರದು. ಯೂರಿಯಾ ಸ್ವಲ್ಪ ಹೆಚ್ಚಾದರೆ ಮಲಗಿಬಿಡುತ್ತದೆ. ಮಲಗಿದ ರಾಗಿಯನ್ನು ಮಿಷನ್ ಕೊಯ್ಯುವುದಿಲ್ಲ, ಆಳು ಬೇಕು, ಆಳಿನ ಕೂಲಿ ಎಷ್ಟಾಗಿದೆ ಅಂತ ಹೇಳಿದರೆ ಇಲ್ಲಿ ಗಲಾಟೆ ಆಗುತ್ತದೆ. ಮಿಷನ್ ತಂದರೆ ಬುಡ ಬಿಟ್ಟು ಮೇಲೆ ಕೊಯ್ದು, ಉಳಿದದ್ದನ್ನು ನುಚ್ಚು ಮಾಡಿ ಹೊಲದ ಮೇಲೆ ಚೆಲ್ಲುತ್ತದೆ. ಕಾಳು ಸಂಜೆಗೆ ಮನೆ ಸೇರುತ್ತದೆ, ಮೆದೆ ಮಾತ್ರ ಏಳುವುದಿಲ್ಲ. ಆಮೇಲೆ ಬೇಸಿಗೆಯಲ್ಲಿ ಹೊರಗಿನಿಂದ ಲಾರಿಯಲ್ಲಿ ಬರುವ ನೆಲ್ಲುಹುಲ್ಲು ಕೊಳ್ಳಬೇಕು. ರಾಗಿ ಹುಲ್ಲಿನ ಕಸುವು ನೆಲ್ಲುಹುಲ್ಲಿಗೆ ಇಲ್ಲ ಎಂಬುದು ಹಸು ಕಟ್ಟಿದವರಿಗೆಲ್ಲ ಗೊತ್ತು. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಮಾರುವ ರಾಗಿಗೆ ಹೊಸ ತಳಿ ಇರಲಿ, ಎರಡು ಹಸು ಇರುವ ಮನೆಯವರು ಅರ್ಧ ಎಕರೆಯಾದರೂ ಹುಲ್ಲು ನೋಡಿ ತಳಿ ಆರಿಸಬೇಕು. ಆ ಅರ್ಧ ಎಕರೆಗೆ ಗೊಬ್ಬರದ ಮೂಟೆ ಹೊರಬೇಡಿ, ಕೊಟ್ಟಿಗೆ ಗೊಬ್ಬರ ಸಾಕು, ಆಗ ಮಲಗುವುದೂ ಕಡಿಮೆ.

ಬಿತ್ತನೆ ಎಲ್ಲಿಂದ ತರೋಣ ಅಂದರೆ, ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯಲ್ಲೇ ಮಾಡಬೇಕು. ರಾಗಿಯಲ್ಲಿ ಇದು ಸಾಧ್ಯ ಎನ್ನುವುದೇ ದೊಡ್ಡ ಅನುಕೂಲ. ಶುಂಠಿ, ಅರಿಸಿನ ಬೆಳೆಯಬೇಕಾದರೆ ಬೀಜ ಬಿತ್ತುವುದಿಲ್ಲ, ಗೆಡ್ಡೆಯನ್ನೇ ಮುರಿದು ನೆಡಬೇಕು. ಕೊಳೆ ರೋಗ ಬಂದು ಗೆಡ್ಡೆ ಹೋದರೆ ಬಿತ್ತನೆಯೂ ಹೋಯಿತು. ಹೈಬ್ರಿಡ್ ಮುಸುಕಿನ ಜೋಳ ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು. ರಾಗಿ ಹೂವು ತನ್ನಲ್ಲೇ ತಾನು ಫಲ ಕಟ್ಟಿಕೊಳ್ಳುತ್ತದೆ, ಪಕ್ಕದ ಹೊಲದ ಪರಾಗ ಬೆರೆಯುವುದು ತೀರಾ ಕಡಿಮೆ. ಮುಷ್ಟಿ ಬಿತ್ತಿದರೆ ಮುಷ್ಟಿಯೇ ಬರುತ್ತದೆ. ಬೆರಕೆ ಆಗುವುದೆಲ್ಲ ಕಣದಲ್ಲಿ, ಮೂಟೆಯಲ್ಲಿ, ಈಗ ಟಾರು ರಸ್ತೆ ಮೇಲೆ ಹರಡುವಾಗ. ಸಸಿ ಕಿತ್ತು ನೆಟ್ಟರೆ ಎಕರೆಗೆ ಎರಡು ಕೆ.ಜಿ. ಬಿತ್ತನೆ ಸಾಕು, ಕೂರಿಗೆ ಬಿತ್ತನೆಗೆ ನಾಲ್ಕೈದು. ಹಾವೇರಿ ಕಡೆ ಗುಳಿ ರಾಗಿ ಅಂತ ಒಂದು ಕ್ರಮ ಇದೆ. ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ ಸಸಿ ನೆಡುತ್ತಾರೆ. ಪೈರು ಎದ್ದ ಮೇಲೆ ಅದರ ಮೇಲೆ ಮರದ ಕೊರಡು ಎಳೆದು ಬಗ್ಗಿಸುತ್ತಾರೆ. ನೋಡಿದರೆ ಎದೆ ಒಡೆಯುತ್ತದೆ, ಆದರೆ ಬುಡದಿಂದ ತೆಂಡೆ ಕಿತ್ತುಕೊಂಡು ಬರುತ್ತದೆ. ಬಿತ್ತನೆ ಕಡಿಮೆ ಇದ್ದವರಿಗೆ ಇಂಥ ಕ್ರಮ ಉಪಯೋಗ.

ಬಿತ್ತನೆ ಆರಿಸುವ ವಿದ್ಯೆ ಹೆಂಗಸರದು. ಕೊಯ್ಲಿಗೆ ಮೊದಲು ಹೊಲದ ನಡುವಿನಲ್ಲಿ ಹೋಗಿ, ಬದುವಿನ ಪಕ್ಕದ್ದು ಬಿಟ್ಟು, ತಾಯಿ ದಂಟಿನ ತೆನೆಯನ್ನೇ ಆರಿಸಬೇಕು. ಒಂದೇ ಸಮ ಮಾಗಿರಬೇಕು. ಕಾಡಿಗೆ ಹಿಡಿದದ್ದು, ಬೆಂಕಿ ಬಿದ್ದದ್ದು ಬೇಡ. ಅದನ್ನು ಬೇರೆ ಬಡಿದು, ಬೂದಿ ಬೆರೆಸಿ, ಬೇವಿನ ಸೊಪ್ಪು ಇಟ್ಟು, ಒಣಗಿದ ಸೋರೆ ಬುರುಡೆಯಲ್ಲೋ ಮಡಕೆಯಲ್ಲೋ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಮುದ್ದೆಗೆ ಹಳೆಯ ರಾಗಿ ಆಗುತ್ತದೆ, ಬಿತ್ತನೆಗೆ ಆಗುವುದಿಲ್ಲ. ವರ್ಷ ವರ್ಷ ಹೋದ ಹಾಗೆ ಮೊಳಕೆ ಶಕ್ತಿ ಇಳಿಯುತ್ತದೆ. ಹಾಗಾಗಿ ಬೀಜವನ್ನು ಬುರುಡೆಯಲ್ಲಿ ಇಟ್ಟರೆ ಉಳಿಸಿದ ಹಾಗಾಗಲಿಲ್ಲ, ಮತ್ತೆ ಮತ್ತೆ ಬಿತ್ತಬೇಕು.

ಇಲ್ಲೇ ಇರುವುದು ಇವತ್ತಿನ ಕಷ್ಟ. ಮೇಜಿನ ಮೇಲಿನ ಏಳರಲ್ಲಿ ಬಿಳಿ ರಾಗಿ ಮತ್ತು ಉದ್ದ ಬೆರಳಿನ ರಾಗಿ ನಾವು ಕೇಳಿದ ಮಟ್ಟಿಗೆ ಒಂದೊಂದೇ ಮನೆಯಲ್ಲಿ ಇವೆ. ಬಿಳಿಯದನ್ನು ಬೆಳೆಯುವ ತಾಯಿಗೆ ವಯಸ್ಸಾಗಿದೆ. ಮಕ್ಕಳು ನರಸಾಪುರದ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ, ಅವರನ್ನು ದೂರಲಾಗದು. ಆ ತಾಯಿ ಕೊಟ್ಟಿಗೆ ಹಿಂದಿನ ನಾಲ್ಕು ಗುಂಟೆಯಲ್ಲಿ ಬಿತ್ತುತ್ತಾರೆ. ಒಂದು ವರ್ಷ ಮಳೆ ಕೈಕೊಟ್ಟರೆ, ಇಲ್ಲಾ ಅವರಿಗೆ ಕೈಲಾಗದೆ ಹೋದರೆ, ನಮ್ಮ ಸುತ್ತಿನಲ್ಲಿ ಆ ರಾಗಿ ಮುಗಿಯಿತು. ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬಂದ ಮೇಲೆ ಬೋರ್‌ವೆಲ್‌ನಲ್ಲಿ ನೀರು ಏರಿದವರು ಟೊಮೆಟೊ, ಹೂವು ಅಂತ ಹೋಗುತ್ತಿದ್ದಾರೆ. ಹೋಗಲಿ, ಸಂಪಾದನೆ ಬೇಕು. ಆದರೆ ಖುಷ್ಕಿ ಹೊಲ ಇನ್ನೂ ಇದೆ, ಹಸುಗಳೂ ಇವೆ.

ಬಿತ್ತನೆ ಇಟ್ಟುಕೊಳ್ಳಲು, ಬದಲು ಮಾಡಿಕೊಳ್ಳಲು, ಮಾರಲು ಕಾನೂನಿನ ಅಡ್ಡಿ ಇದೆಯಾ ಎಂದು ಕೆಲವರು ಕೇಳಿದ್ದಾರೆ. ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ರೈತನಿಗೆ ಆ ಹಕ್ಕು ಕೊಟ್ಟಿದೆ. ಕಂಪನಿಯ ಹಾಗೆ ಬ್ರಾಂಡ್ ಹೆಸರು ಹಾಕಿ ಪ್ಯಾಕೆಟ್ಟು ಮಾಡಿ ಮಾತ್ರ ಮಾರುವಂತಿಲ್ಲ. ರೈತರು ತಮ್ಮ ತಳಿಯನ್ನು ಅದೇ ಕಾಯ್ದೆಯಲ್ಲಿ ನೋಂದಾಯಿಸಲೂ ಅವಕಾಶ ಇದೆ.

ಆಡಳಿತ ಮಂಡಳಿಯ ಮುಂದೆ ನಾವು ಒಂದು ಪ್ರಸ್ತಾಪ ಇಟ್ಟಿದ್ದೇವೆ, ಸರ್ವಸದಸ್ಯರ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಒಬ್ಬ ಸದಸ್ಯರು ಅರ್ಧ ಎಕರೆ ಖುಷ್ಕಿ ಜಮೀನು ಬಿಟ್ಟುಕೊಡಲು ಒಪ್ಪಿದ್ದಾರೆ. ಏಳು ತಳಿಯನ್ನೂ ಅಲ್ಲಿ ಬೇರೆ ಬೇರೆ ಪಟ್ಟೆಯಲ್ಲಿ, ನಡುವೆ ದಾರಿ ಬಿಟ್ಟು, ಅಕ್ಕಡಿ ಸಮೇತ ಬಿತ್ತುವುದು. ಕೊಯ್ಲು, ಬಡಿಯುವುದು ಒಂದೊಂದನ್ನೂ ಬೇರೆ ದಿನ, ಬೆರಕೆ ಆಗದ ಹಾಗೆ. ಬೇಕಾದವರಿಗೆ ಎರಡು ಸೇರು ಬಿತ್ತನೆ ಸಾಲ, ಸುಗ್ಗಿಯಲ್ಲಿ ನಾಲ್ಕು ಸೇರು ವಾಪಸ್ಸು. ಸಂಘದಲ್ಲಿ ಹಾಲಿನ ರಿಜಿಸ್ಟರಿನ ಪಕ್ಕ ಇನ್ನೊಂದು ಪುಸ್ತಕ. ಅದರಲ್ಲಿ ತಳಿಯ ಹೆಸರು, ಯಾರ ಮನೆಯದು, ಯಾವ ಮಳೆಗೆ ಬಿತ್ತಿದ್ದು, ಎಷ್ಟು ದಿನಕ್ಕೆ ಬಂತು, ಹುಲ್ಲು ಎಷ್ಟು ಹೊರೆ, ಹಸು ತಿಂದಿತೋ ಬಿಟ್ಟಿತೋ, ಮುದ್ದೆ ಹೇಗಿತ್ತು. ಬರೆಯುವ ಕೆಲಸ ಹೈಸ್ಕೂಲ್ ಮಕ್ಕಳಿಗೆ ಕೊಡೋಣ, ಹೇಳುವ ಕೆಲಸ ಅಜ್ಜಿಯರದು.

ಖರ್ಚು ಹೆಚ್ಚಿಲ್ಲ. ಉಳುಮೆ, ಕಳೆ, ಕೊಯ್ಲಿನ ಕೂಲಿ ಅಷ್ಟೇ. ಸಂಘದ ದುಡ್ಡನ್ನು ಹೊಲಕ್ಕೆ ಹಾಕುವುದು ಸರಿಯಲ್ಲ ಎಂದು ಮಂಡಳಿಯಲ್ಲೇ ಇಬ್ಬರು ಆಕ್ಷೇಪಣೆ ಎತ್ತಿದ್ದಾರೆ. ಅವರ ಮಾತಿಗೂ ಬೆಲೆ ಇದೆ, ಸಭೆಯಲ್ಲಿ ಅವರೂ ಮಾತಾಡಲಿ. ಸಂಘ ಬೇಡ ಎಂದರೆ ಹತ್ತು ಮನೆಯವರು ಕೂಡಿ ಆಳು ಬದಲು ಆಳು ಲೆಕ್ಕದಲ್ಲಿ ಮಾಡುವುದಕ್ಕೂ ನಾವು ತಯಾರಿದ್ದೇವೆ.

ಯಾರ ಮನೆಯ ಅಟ್ಟದಲ್ಲಾದರೂ, ಮಡಕೆಯಲ್ಲಾದರೂ ಇನ್ನೂ ಬೇರೆ ಬಗೆಯ ರಾಗಿ ಇದ್ದರೆ, ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಒಂದು ಪಾವು ಚೀಟಿಯಲ್ಲಿ ಕಟ್ಟಿ, ಮನೆಯ ಹೆಸರು ಬರೆದು, ಬೆಳಿಗ್ಗೆ ಹಾಲು ಹಾಕಲು ಬರುವಾಗ ಕಾರ್ಯದರ್ಶಿಗಳ ಹತ್ತಿರ ಕೊಡಿ. ಒದ್ದೆ ಬಟ್ಟೆಯಲ್ಲಿ ನೂರು ಕಾಳು ಸುತ್ತಿಟ್ಟು ಎಷ್ಟು ಮೊಳೆಯುತ್ತದೆ ನೋಡಬೇಕು, ಅದಕ್ಕೆ ಸಮಯ ಬೇಕು. ಆದ್ದರಿಂದ ಮೃಗಶಿರಾ ಮಳೆ ಹುಟ್ಟುವುದಕ್ಕೆ ಮೊದಲೇ ತಂದುಕೊಡಿ.